ಕೆಂಪು ದಾರ ಕಟ್ಟಿದ ಮರಿಗಳು

ಹೋದ ತಿಂಗಳು ತಂಗಿಯ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಗಂಗಾವತಿ ಕಡೆಯ ಸಿದ್ದಾಪುರಕ್ಕೆ ಹೋಗಿದ್ದೆ. ಊಟವಾದ ಮೇಲೆ ಹೆಂಗಸರೆಲ್ಲ ಒಳಗೆ ಮಾತಿಗೆ ಕೂತರು. ನನಗೆ ಸೆಕೆ ತಡೆಯದೆ ಹಿತ್ತಲಿಗೆ ಬಂದೆ. ಹಿತ್ತಲು ಮುಗಿದಲ್ಲೇ ಗದ್ದೆ ಸುರುವಾಗುತ್ತದೆ. ಭತ್ತ ಕೊಯ್ದಾಗಿತ್ತು, ಕೂಳೆಯ ನಡುವೆ ಕಾಲುವೆ ನೀರು ಇನ್ನೂ ನಿಂತಿತ್ತು. ಕೆಸರು, ಕೊಳೆತ ಹುಲ್ಲು, ಅದರ ಮೇಲೆ ಬಿದ್ದ ಮಧ್ಯಾಹ್ನದ ಬಿಸಿಲು, ಇಷ್ಟೂ ಕೂಡಿ ಒಂದು ವಾಸನೆ ಬರುತ್ತದೆ. ಬೇರೆಯವರಿಗೆ ಅದು ಭತ್ತ ತುಂಬಿದ ಮನೆಯ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಸತ್ತ ಮರಿಗಳು ಕಣ್ಣ ಮುಂದೆ ಬರುತ್ತವೆ. ನಲವತ್ತು ವರ್ಷ ದಾಟಿದರೂ ಹಾಗೇ. ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು ಆ ಒಂದು ವರ್ಷದ್ದನ್ನೆಲ್ಲ ನೆನೆಸಿಕೊಂಡೆ. ಈಗ ಬರೆದಿಡುತ್ತಿದ್ದೇನೆ. ಓದು ಬರಹ ನಾನು ಮಕ್ಕಳು ಸಾಲೆಗೆ ಹೋಗುವಾಗ ಅವರ ಪಾಟಿಯ ಮೇಲೆ ಕಲಿತದ್ದು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಆಗ ದೊಡ್ಡ ಯುದ್ಧ ನಡೆದಿತ್ತು. ನಮ್ಮ ಕಡೆ ನಿಜಾಮರ ಸರ್ಕಾರ. ನಮ್ಮ ಊರು ಕುಷ್ಟಗಿಯಿಂದ ಎರಡು ಹರದಾರಿ. ನನಗೆ ಮದುವೆಯಾಗಿ ಎರಡನೇ ವರ್ಷ. ಮನೆಯಲ್ಲಿ ಮಾವ, ಅತ್ತೆ, ನಮ್ಮ ಮನೆಯವರು, ನಾನು, ಇಷ್ಟೇ ಜನ. ಉಳಿದದ್ದೆಲ್ಲ ಕುರಿ. ನಮ್ಮದು ಹಾಲುಮತದ ಮನೆತನ, ಬೀರಪ್ಪ ಮನೆದೇವರು. ಕುರಿ ಎಣಿಸುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಎಣಿಸಿದರೆ ಹಿಂಡು ಸೊರಗುತ್ತದೆ ಎಂದು ಮಾವ ನಂಬಿದ್ದರು. ಒಂದೊಂದನ್ನೂ ಮುಖ ನೋಡಿ ಗುರುತಿಟ್ಟುಕೊಳ್ಳಬೇಕು. ಕೋಡಿಲ್ಲದ್ದು ಬೋಳಿ, ಕಿವಿ ಗಿಡ್ಡಗಿದ್ದದ್ದು ಮೋಟಗಿವಿ, ಹಣೆಯಲ್ಲಿ ಬಿಳಿ ಇದ್ದದ್ದು ಚುಕ್ಕಿ. ಸಂಜೆ ಹಿಂಡು ಹಟ್ಟಿಗೆ ಬಂದಾಗ ಯಾವುದು ಬಂದಿಲ್ಲ ಎಂಬುದನ್ನು ಅತ್ತೆ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು. ನನಗೆ ಅಡಿಗೆ ಕೈ ಹತ್ತಲು ವರ್ಷ ಹಿಡಿಯಿತು, ಕುರಿಗಳ ಮುಖ ಮಾತ್ರ ಒಂದೇ ತಿಂಗಳಿಗೆ ತಲೆಯಲ್ಲಿ ಕೂತವು. ಅಷ್ಟಾದರೂ ಕೊಟ್ಟನಲ್ಲ ಎಂದು ಬೀರಪ್ಪನಿಗೆ ಕೈ ಮುಗಿದೆ.

ಪುಷ್ಯ ಮಾಸದ ಹೊತ್ತಿಗೆ ನಮ್ಮ ಕಡೆ ಹಸಿರು ಮುಗಿಯುತ್ತಿತ್ತು. ಆಗ ಕತ್ತೆಯ ಮೇಲೆ ಪಾತ್ರೆ, ಕಂಬಳಿ ಹೇರಿ, ಹಿಂಡು ಹೊಡೆದುಕೊಂಡು ತಾವರಗೇರಾ, ಕನಕಗಿರಿ ದಾಟಿ ಗಂಗಾವತಿ ಸೀಮೆಗೆ ಇಳಿಯುವುದು. ಡ್ಯಾಮಿನ ಕಾಲುವೆ ಇನ್ನೂ ಬಂದಿರಲಿಲ್ಲ. ಹೊಳೆಯ ಮಗ್ಗುಲಿಗೆ ಹಳೆಯ ಕಾಲದ ಕಾಲುವೆಗಳಿದ್ದವು, ಅವುಗಳ ಕೆಳಗೆ ಭತ್ತ. ಕೊಯ್ದ ಗದ್ದೆಯಲ್ಲಿ ಕುರಿ ಕೂಡಿಹಾಕಿದರೆ ಗೊಬ್ಬರವಾಗುತ್ತದೆಂದು ರೈತರೇ ಕರೆದು ಜಾಗ ಕೊಡುತ್ತಿದ್ದರು, ಮೇಲಿಷ್ಟು ಭತ್ತವನ್ನೂ ಅಳೆಯುತ್ತಿದ್ದರು. ಕುರಿಗೆ ಮೇವು, ನಮಗೆ ಅನ್ನ.

ಹಿಂದಿನ ವರ್ಷ ಹೀಗೆ ಇಳಿದಾಗ ಮರಿಗಳು ಸತ್ತವು. ಮೊದಲು ಹಿಂಡಿನ ಹಿಂದೆ ಉಳಿಯುತ್ತಿದ್ದವು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ, ಸುಣ್ಣ ಬಳಿದ ಹಾಗೆ. ಆಮೇಲೆ ಗದ್ದದ ಕೆಳಗೆ ನೀರಿನ ಚೀಲ ಜೋತಾಡಿದಂತೆ ಬಾವು. ಆ ಬಾವು ಬಂದ ಮೇಲೆ ನಾಲ್ಕೈದು ದಿನ. ದೊಡ್ಡ ಕುರಿಗಳಿಗೆ ಏನೂ ಆಗಲಿಲ್ಲ, ಅದೇ ಹುಲ್ಲು ತಿಂದು ಮೈ ತುಂಬಿಕೊಂಡವು. ಮರಿಗಳಲ್ಲಿ ಉಳಿದವು ನಾಲ್ಕು. ವಾಪಸು ಬರುವ ದಾರಿಯಲ್ಲಿ ಕನಕಗಿರಿಯ ಹತ್ತಿರ ಮಾವ ಮಗನಿಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಮರಿ ಇಲ್ಲದ ಹಿಂಡು ಎಷ್ಟ ವರ್ಷ ಹಿಂಡಾಗಿ ಇರ್ತೈತಿ? ಮುಂದಿನ ವರ್ಷನೂ ಹಿಂಗ ಆತಂದ್ರ ಯಲಬುರ್ಗಿ ಸಂತ್ಯಾಗ ಎಲ್ಲಾ ಕೊಟ್ಟುಬಿಡ್ತೀನಿ. ನೀ ಕೊಪ್ಪಳಕ್ಕ ಹೋಗಿ ಹತ್ತಿ ಗಿರಣ್ಯಾಗ ಕೂಲಿ ಮಾಡು."

ನಮ್ಮ ಮನೆಯವರು ಹುಟ್ಟಿದಾಗಿನಿಂದ ಹಗಲು ಹೊತ್ತು ಸೂರಿನ ಕೆಳಗೆ ಕೂತವರಲ್ಲ. ಕೋಲಿನಿಂದ ಕಲ್ಲು ತಳ್ಳುತ್ತ ನಡೆದರು.

ಊರಿಗೆ ಬಂದ ಮೇಲೆ ಉಳಿದ ನಾಲ್ಕರಲ್ಲಿ ಇನ್ನೊಂದು ಸತ್ತಿತು. ಆ ದಿನ ಮಾವ ಕುಷ್ಟಗಿಗೆ ಹೋಗಿ ಸಲೋತ್ರಿ ಸಾಹೇಬರನ್ನು ಕರೆದುಕೊಂಡು ಬಂದರು. ದನದ ಡಾಕ್ಟರನ್ನು ಆಗ ಸಲೋತ್ರಿ ಎಂದೇ ಕರೆಯುತ್ತಿದ್ದುದು. ಸಾಹೇಬರು ರಾಯಚೂರಿನ ಕಡೆಯವರು, ತೆಳ್ಳಗೆ, ಸೈಕಲ್ಲಿನ ಮೇಲೆ ಬಂದಿದ್ದರು. ಬೇವಿನ ನೆರಳಲ್ಲಿ ಮರಿಯ ಹೊಟ್ಟೆ ಸೀಳಿ ತೋರಿಸಿದರು. ಒಳಗೆ ಕೂದಲಿನಷ್ಟು ಸಣ್ಣ ಹುಳಗಳು, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಕೆಂಪು ಬಿಳಿ ಹೊಸೆದ ಹಾಗೆ. ನೂರಾರು.

"ಇವು ರಕ್ತಾ ಕುಡೀತಾವ. ಹಸಿ ಹುಲ್ಲಿನ ತುದ್ಯಾಗ ಕಣ್ಣಿಗೆ ಕಾಣದಂಗ ಕೂತಿರ್ತಾವ, ಮೇಯುವಾಗ ಒಳಗ ಹೋಗ್ತಾವ" ಎಂದರು.

"ಔಷಧ ಕೊಡ್ರಿ ಮತ್ತ" ಎಂದರು ಮಾವ.

"ಔಷಧ ಕುಡಿಸಿದ್ರ ಹುಳ ಬೀಳ್ತಾವ. ನಾಳೆ ಅದ ಹುಲ್ಲಿಗೆ ಬಾಯಿ ಹಾಕಿದ್ರ ಮತ್ತ ಬರ್ತಾವ. ಅದೂ ಅಲ್ದ ವಿಲಾಯತಿ ಔಷಧ ಯುದ್ಧದಾಗ ಬರೂದ ನಿಂತೈತಿ." ಸಾಹೇಬರು ಕೈ ತೊಳೆದುಕೊಳ್ಳುತ್ತ ಮಾವನನ್ನೇ ಕೇಳಿದರು, "ದೊಡ್ಡ ಕುರಿ ಯಾಕ ಸಾಯಲಿಲ್ಲ ಹೇಳು?"

"ಅವು ಗಟ್ಟಿ ಅದಾವರಿ."

"ಯಾಕ ಗಟ್ಟಿ ಆದ್ವು? ಮರಿ ಇದ್ದಾಗ ಅವೂ ಇದ ಹುಳ ತಿಂದು ಬದುಕಿದ್ವು. ಮೈಯಾಗ ಏನೋ ಒಂದು ತಯಾರಾಗಿ ನಿಂತೈತಿ, ಈಗ ಹುಳ ಬಂದ್ರ ಒದ್ದು ಹೊರಗ ಹಾಕ್ತೈತಿ. ಸಿಡುಬು ಬಂದು ಹೋದವರಿಗೆ ಮತ್ತ ಬರಂಗಿಲ್ಲ, ಹೌದಿಲ್ಲೋ? ಹಂಗ. ಅದನ್ನ ಸೂಜಿಲೆ ಮಾಡಾಕ ಬರ್ತೈತೇನು ನೋಡಬೇಕಂತೀನಿ."

ಹುಳಗಳನ್ನು ಉಪ್ಪುನೀರಿನಲ್ಲಿ ತೊಳೆದು ಶೀಸೆಗೆ ತುಂಬಿಕೊಂಡರು. ಒಣಗಿಸಿ, ಅರೆದು, ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ ಸೋಸಿದರೆ ಚುಚ್ಚುವ ಔಷಧವಾಗುತ್ತದೆಂದು ಅವರ ಲೆಕ್ಕಾಚಾರ. ಅರೆಯಲು ಸಣ್ಣ ಕಲ್ಲೊಂದು ಸಿಗಬಹುದೇ ಎಂದು ಕೇಳಿದರು. ಅತ್ತೆ ಒಳಗಿನಿಂದಲೇ ಕೂಗಿದರು, "ಹುಳಾ ಅರದ ಕಲ್ಲಿನ್ಯಾಗ ನಾವು ಮತ್ತ ಖಾರ ಅರೀಬೇಕೇನ್ರಿ ಸಾಹೇಬ್ರ? ನಿಮ್ಮ ದವಾಖಾನಿ ಕಲ್ಲ ನಿಮಗಿರ್ಲಿ." ಸಾಹೇಬರು ನಕ್ಕುಬಿಟ್ಟರು.

ಆ ವರ್ಷ ಮಳೆ ಛಲೋ ಆಯಿತು. ಮಹಾನವಮಿ ಹೊತ್ತಿಗೆ ಕುರಿಗಳು ಈಯತೊಡಗಿದವು. ಹಗಲು ತಾಯಿಗಳು ಗುಡ್ಡಕ್ಕೆ ಮೇಯಲು ಹೋದರೆ ಮರಿಗಳು ನಮ್ಮ ಪಾಲಿಗೆ, ಮನೆಯ ಹಿಂದಿನ ದೊಡ್ಡಿಯಲ್ಲಿ. ಸ್ವಲ್ಪ ಬಲಿತ ಮೇಲೆ ಜಾಲಿ, ಬನ್ನಿ ಸೊಪ್ಪಿನ ಕಟ್ಟು ಕಟ್ಟಿ ತೂಗುಹಾಕುತ್ತಿದ್ದೆವು, ಎಳೆದು ತಿನ್ನುತ್ತಿದ್ದವು. ಅವುಗಳಲ್ಲಿ ಏಳು ಮರಿ ಬಡಕಲಾಗಿದ್ದವು. ಎರಡಕ್ಕೆ ತಾಯಿ ಸತ್ತಿತ್ತು, ಉಳಿದವು ಅವಳಿಜವಳಿ ಮರಿಗಳು, ಹಾಲು ಸಾಲದವು. ಸೊಪ್ಪಿನ ಕಟ್ಟಿನ ಹತ್ತಿರ ಬೇರೆ ಮರಿಗಳು ಅವನ್ನು ಬಿಡುತ್ತಿರಲಿಲ್ಲ. ನನಗೆ ಪಾಪ ಎನಿಸಿತು. ಬಟ್ಟೆ ಒಗೆಯಲು ಕೆರೆಗೆ ಹೋಗುವಾಗ ಅವನ್ನೂ ಹೊಡೆದುಕೊಂಡು ಹೋಗುತ್ತಿದ್ದೆ. ಕೆರೆಯ ದಂಡೆಯಲ್ಲಿ ಅಂಗೈಯಷ್ಟು ಹಸಿ ಹುಲ್ಲು, ಊರ ಕುರಿಗಳೆಲ್ಲ ನೀರು ಕುಡಿಯುವ ಜಾಗ. ನಾನು ಒಗೆದು ಮುಗಿಸುವಷ್ಟರಲ್ಲಿ ಅವು ಒಂದಿಷ್ಟು ಬಾಯಾಡಿಸುತ್ತಿದ್ದವು.

ಮಾವ ಮೊದಲೇ ತಾಕೀತು ಮಾಡಿದ್ದರು, ಮರಿಗಳನ್ನು ಕೆರೆಯ ಕಡೆ ಒಯ್ಯಬಾರದು, ಹಸಿ ಹುಲ್ಲು ಮುಟ್ಟಿಸಬಾರದು ಎಂದು. ಅದು ಗೊತ್ತಿದ್ದೂ ಒಯ್ದೆ. ಇಪ್ಪತ್ತು ದಿನ ಒಯ್ದಿರಬೇಕು. ಏಳಕ್ಕೂ ಹೊಟ್ಟೆ ಕೆಟ್ಟಿತು. ಸೊರಗಿದವು. ಅತ್ತೆ ಒಂದು ಬೆಳಿಗ್ಗೆ ದೊಡ್ಡಿ ಗುಡಿಸುವಾಗ ನೋಡಿ ನನ್ನನ್ನು ಮೂಲೆಗೆ ಕರೆದರು.

"ಎಲ್ಲಿ ಮೇಯಿಸಿದಿ ಇವನ್ನ?"

"ಕೆರಿಗೆ ಒಯ್ದಿದ್ದೆ ಅತ್ತಿ."

"ನಿಮ್ಮ ಮಾವನ ಕಿವಿಗೆ ಬಿದ್ರ ನನಗೂ ನಿನಗೂ ಕೂಡೇ ತವರುಮನಿ ದಾರಿ ತೋರಸ್ತಾನ. ನನ್ನ ತವರ್ಯಾಗ ಈಗ ಯಾರೂ ಇಲ್ಲ. ಬಾಯಿ ಮುಚಗೊಂಡಿರು. ನಾಳಿಂದ ದೊಡ್ಡಿ ಬಿಟ್ಟು ಹೊರಗ ಬಿಡಬ್ಯಾಡ."

ಬಿಡಲಿಲ್ಲ. ದಿನಾ ಒಣ ಸೊಪ್ಪು, ಬೆಳಿಗ್ಗೆ ಬೀರಪ್ಪನ ಮುಂದಿನ ಅರಿಶಿನದ ಭಂಡಾರ ಹಣೆಗೆ. ಹದಿನೈದು ದಿನಕ್ಕೆ ಹೊಟ್ಟೆ ಸರಿಯಾಯಿತು, ಮೈ ಚೇತರಿಸಿತು. ಒಂದೂ ಸಾಯಲಿಲ್ಲ. ನಾನು ಮಾಡಿದ ತಪ್ಪನ್ನು ದೇವರು ಮುಚ್ಚಿಕೊಟ್ಟ ಎಂದುಕೊಂಡೆ. ಮಾವ ದೊಡ್ಡಿಯ ಕಡೆ ಬಂದರೆ ಮಾತ್ರ ಏನಾದರೂ ನೆಪ ಮಾಡಿ ಒಳಗೆ ಹೋಗುತ್ತಿದ್ದೆ.

ಮಾರ್ಗಶಿರದಲ್ಲಿ ಸಲೋತ್ರಿ ಸಾಹೇಬರು ಶೀಸೆ, ಸೂಜಿ, ಒಂದು ಕೆಂಪು ದಾರದ ಉಂಡೆ ಹಿಡಿದುಕೊಂಡು ಬಂದರು. ದೊಡ್ಡಿಯೊಳಗೆ ನಿಂತು ಏಕ್, ದೋ, ತೀನ್ ಎಂದು ಮರಿಗಳನ್ನು ಎಣಿಸತೊಡಗಿದರು. ನಾನೂ ಅತ್ತೆಯೂ ಹೌಹಾರಿ ಮಾವನ ಕಡೆ ನೋಡಿದೆವು. ಮಾವ ಸ್ವಲ್ಪ ಹೊತ್ತು ಮೀಸೆ ಕಡಿದು, "ಇರ್ಲಿ ಬಿಡ್ರಿ, ಉರ್ದುದಾಗ ಎಣಿಸಿದ್ರ ನಮ್ಮ ಕುರಿಗೆ ತಿಳಿಯಂಗಿಲ್ಲ" ಎಂದರು. ಹೀಗಾಗಿ ಮರಿಗಳು ನಲವತ್ತಿದ್ದವು ಎಂದು ನನಗೂ ಗೊತ್ತಾಯಿತು.

ಸಾಹೇಬರು ಕೇಳಿಕೊಂಡದ್ದು ಇಷ್ಟು: ಇಪ್ಪತ್ತಕ್ಕೆ ಸೂಜಿ ಹಾಕುವುದು, ಇಪ್ಪತ್ತಕ್ಕೆ ಬಿಡುವುದು. ಎಲ್ಲವೂ ಒಂದೇ ಹಿಂಡಿನಲ್ಲಿ ಒಂದೇ ಹುಲ್ಲು ಮೇಯಬೇಕು. ಸೂಜಿಯವು ಬದುಕಿ ಉಳಿದವು ಸತ್ತರೆ ಔಷಧ ಖರೆ. ನಾನು ಒಂದೊಂದನ್ನೇ ತೊಡೆಯ ನಡುವೆ ಹಿಡಿದುಕೊಟ್ಟೆ. ಕೈಗೆ ಸಿಕ್ಕಿದ್ದರಲ್ಲಿ ಒಂದು ಬಿಟ್ಟು ಒಂದಕ್ಕೆ ಚುಚ್ಚಿದರು. ಚುಚ್ಚಿದ್ದರ ಕೊರಳಿಗೆ ಕೆಂಪು ದಾರ. ಹದಿನೈದು ದಿನಕ್ಕೆ ಅವಕ್ಕೇ ಇನ್ನೊಂದು ಸೂಜಿ ಹಾಕಬೇಕೆಂದು ಹೇಳಿ ಹೋದರು.

ಹದಿನೈದನೆಯ ದಿನ ಬಂದು ದೊಡ್ಡಿಯ ಬಾಗಿಲು ತೆರೆದವರು ಹಾಗೇ ನಿಂತುಬಿಟ್ಟರು. ನಲವತ್ತು ಮರಿಯ ಕೊರಳಲ್ಲೂ ಕೆಂಪು ದಾರ.

"ಇದೇನಿದು?"

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದರು. "ನಾನ ಕಟ್ಟೀನ್ರಿ. ನೀವು ಅರ್ಧಕ್ಕ ಕಟ್ಟಿ ಹೋದ್ರಿ. ಉಳದಿದ್ದು ಏನ ಪಾಪ ಮಾಡಿದ್ವು? ದಾರ ತರಿಸಿ, ಸೋಮವಾರ ಬೀರಪ್ಪನ ಮುಂದಿಟ್ಟು, ಭಂಡಾರ ಹಚ್ಚಿ ಎಲ್ಲಾದಕ್ಕೂ ಕಟ್ಟೀನಿ."

ಅವರದ್ದು ತಪ್ಪೆನ್ನಲು ನನಗೆ ಬಾಯಿಲ್ಲ. ನಮ್ಮ ಕಡೆ ಒಂದು ಮಗುವಿಗೆ ಜ್ವರ ಬಂದರೆ ದೇವರ ಮುಂದಿಟ್ಟ ದಾರವನ್ನು ಆ ಮಗುವಿಗೊಂದೇ ಕಟ್ಟುವುದಿಲ್ಲ, ಮನೆಯ ಮಕ್ಕಳೆಲ್ಲರಿಗೂ ಕಟ್ಟುತ್ತಾರೆ. ಒಂದಕ್ಕೆ ಕಟ್ಟಿ ಒಂದಕ್ಕೆ ಬಿಟ್ಟರೆ ಬಿಟ್ಟದ್ದರ ಮೇಲೆ ಕಣ್ಣು ಬೀಳುತ್ತದೆಂದು ನಂಬಿಕೆ. ಅವರು ಕಟ್ಟುವಾಗ ದಾರ ಕತ್ತರಿಸಿಕೊಟ್ಟವಳು ನಾನೇ.

ಸಾಹೇಬರು ಗೋಡೆಗೆ ಒರಗಿ ಕೂತುಬಿಟ್ಟರು. "ಅವ್ವಾ, ದಾರ ಔಷಧ ಅಲ್ಲ. ಅದು ಗುರುತು."

"ಗುರುತಾ? ಗುರುತಿಗೆ ದಾರ ಯಾಕ ಬೇಕರಿ? ಅವಕ್ಕ ಮಕ ಇಲ್ಲೇನು?" ಅತ್ತೆ ನನ್ನ ಕಡೆ ತಿರುಗಿದರು. "ಗೌರೀ, ಯಾವ ಯಾವುದಕ್ಕ ಚುಚ್ಯಾರ, ತಗದು ಕೊಡು."

ಚುಚ್ಚಿದ ಕಡೆಯ ಗುರುತು ಅಷ್ಟರಲ್ಲಿ ಮಾಯವಾಗಿತ್ತು. ನಾನು ದೊಡ್ಡಿಯೊಳಗೆ ಹೋಗಿ ಒಂದೊಂದಾಗಿ ಹಿಡಿದು ಹೊರಗೆ ಬಿಟ್ಟೆ. ಇಪ್ಪತ್ತು. ಸಾಹೇಬರು ತಲೆ ಅಲ್ಲಾಡಿಸಿದರು. "ಎಲ್ಲಾ ಕರಿ ಮರಿ. ನೀ ಹೆಂಗ ಹೇಳ್ತಿ ತಂಗಿ?"

"ತಾಯಿ ಹೆಸರ ಬರ್ಕೋರಿ" ಎಂದೆ. "ಇದು ಬೋಳಿದು. ಇದು ಚುಕ್ಕಿದು. ಇದು ಮೋಟಗಿವಿದು, ಹಿರೇದು. ಕಿರೇದಕ್ಕ ನೀವು ಚುಚ್ಚಿಲ್ಲ. ಸಂಜಿಗೆ ತಾಯಿ ಬರ್ತಾವ, ಆವಾಗ ನೋಡ್ರಿ."

ಅವರು ಬರೆದುಕೊಂಡು ಸಂಜೆಯವರೆಗೆ ಕೂತರು. ಹೊತ್ತು ಮುಳುಗುವ ಮುಂಚೆ ಹಿಂಡು ಬಂತು. ದೊಡ್ಡಿಯ ಬಾಗಿಲು ತೆಗೆದೆವು. ಕೂಗು, ಓಟ, ಧೂಳು. ಒಂದೊಂದು ಮರಿಯೂ ನಾನು ಹೇಳಿದ ಕುರಿಯ ಕೆಚ್ಚಲಿಗೇ ಹೋಗಿ ಬಿತ್ತು. ತಾಯಿಯಿಲ್ಲದ ಎರಡು ನನ್ನ ಸೀರೆ ಹಿಡಿದು ಜಗ್ಗಿದವು. ಸಾಹೇಬರು ಹಾಳೆ ನೋಡುತ್ತಾರೆ, ಕುರಿ ನೋಡುತ್ತಾರೆ. ಕಡೆಗೆ ಹಾಳೆ ಮಡಚಿ, "ನನ್ನ ದಫ್ತರಕ್ಕಿಂತ ನಿನ್ನ ತಲಿ ಛಲೋ ಐತಿ" ಎಂದು ಅದೇ ಇಪ್ಪತ್ತಕ್ಕೆ ಎರಡನೇ ಸೂಜಿ ಹಾಕಿದರು. ನಾನು ಅಂದು ಬಹಳ ಹಿಗ್ಗಿದೆ. ಹಿಗ್ಗಿನಲ್ಲಿ ಆ ಏಳು ಮರಿಯ ಮಾತು ಹೇಳಬೇಕಿತ್ತು, ಮಾವ ಪಕ್ಕದಲ್ಲೇ ಇದ್ದರು, ಹೇಳಲಿಲ್ಲ. ಅವುಗಳಲ್ಲಿ ಮೂರು ಸೂಜಿಯ ಗುಂಪಿಗೆ ಬಿದ್ದಿದ್ದವು, ನಾಲ್ಕು ಸೂಜಿಯಿಲ್ಲದ್ದಕ್ಕೆ.

ಪುಷ್ಯದಲ್ಲಿ ಇಳಿದೆವು. ಗಂಗಾವತಿಯ ಆಚೆ ಹೊಳೆಯ ಕಡೆ ಒಬ್ಬ ರೈತರ ಗದ್ದೆಯಲ್ಲಿ ಹಟ್ಟಿ ಹಾಕಿದೆವು. ಒಂದು ತಿಂಗಳು ಏನೂ ಆಗಲಿಲ್ಲ. ನಮ್ಮ ಮನೆಯವರು ಆಗೀಗ ಸಿಳ್ಳೆ ಹಾಕುವುದನ್ನೂ ಕೇಳಿದೆ. ಗಂಜಿಗೆ ಬಿಳಿ ಅಕ್ಕಿ ಸಿಕ್ಕಿತ್ತು, ಬಟ್ಟೆ ಒಗೆಯಲು ಹರಿಯುವ ನೀರು. ಹೀಗೆ ದಿನಕ್ಕೊಂದು ಒಳ್ಳೆಯದನ್ನು ಎಣಿಸಿ ಬೀರಪ್ಪನಿಗೆ ಒಪ್ಪಿಸುತ್ತಿದ್ದೆ. ಎಣಿಸಬಾರದ್ದು ಕುರಿಯನ್ನು ಮಾತ್ರ.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಬೋಳಿಯ ಮರಿ ಹಿಂದೆ ಉಳಿಯಿತು. ಕಣ್ಣು ನೋಡಿದೆ. ಬೆಳ್ಳಗಿತ್ತು. ಅದು ಸೂಜಿಯ ಮರಿ. ಯಾರಿಗೂ ಹೇಳದೆ ಒಂದು ದಿನ ಸುಮ್ಮನಿದ್ದೆ. ಮರುದಿನ ಚುಕ್ಕಿಯದೂ ಹಾಗೇ. ಆಮೇಲೆ ಮುಚ್ಚಿಡುವುದೇನೂ ಉಳಿಯಲಿಲ್ಲ. ಶಿವರಾತ್ರಿಯ ಉಪವಾಸ ಬಿಡುವ ಬೆಳಿಗ್ಗೆ ಮೂರು ಮರಿ ಹೂತೆವು. ಮಾವ ಗುದ್ದಲಿ ಹಿಡಿದು ಬದುವಿನ ಮೇಲೆ ನಿಂತಿದ್ದರು. ಅವರು ಮನಸ್ಸಿನಲ್ಲಿ ಯಲಬುರ್ಗಿಯ ಸಂತೆಗೆ ಹೋಗಿ ನಿಂತಿದ್ದಾರೆಂದು ನಮಗೆಲ್ಲ ಗೊತ್ತಿತ್ತು.

ಸುದ್ದಿ ಮುಟ್ಟಿ ಸಲೋತ್ರಿ ಸಾಹೇಬರು ರಜೆ ಹಾಕಿ ಬಂದರು. ಗಂಗಾವತಿ ಅವರ ಸರಹದ್ದಲ್ಲ. ಮೋಟಾರು ಇಳಿದು ನಡೆದೇ ಬಂದಿದ್ದರು, ಬೂಟಿನ ತುಂಬ ಕೆಸರು. ಅಷ್ಟರಲ್ಲಿ ಹದಿನೆಂಟು ಸತ್ತಿದ್ದವು. ಬದುವಿನ ಮೇಲೆ ಹೊಂಗೆಯ ನೆರಳಲ್ಲಿ ಕೂತು ಪುಸ್ತಕ ತೆಗೆದರು. ಮಾವ, ಅತ್ತೆ, ನಮ್ಮ ಮನೆಯವರು ಸುತ್ತ ಕೂತರು.

"ಹೇಳು ತಂಗಿ. ಸತ್ತಿದ್ದು ಯಾವು?"

ಹೇಳಿದೆ. ಬೋಳಿದು, ಸೂಜಿದು. ಚುಕ್ಕಿದು, ಸೂಜಿದು. ಕರಿಗಣ್ಣಿದು, ಸೂಜಿ ಇಲ್ಲದ್ದು. ಅವರು ಎರಡು ಸಾಲಿನಲ್ಲಿ ಗೀಟು ಹಾಕುತ್ತ ಹೋದರು. ಮುಗಿದಾಗ ಆ ಕಡೆ ಒಂಬತ್ತು, ಈ ಕಡೆ ಒಂಬತ್ತು.

ಪೆನ್ಸಿಲು ಕೆಳಗಿಟ್ಟರು. ಮೆಲ್ಲಗೆ ಕೇಳಿದರು, "ಆವಾಗ ದಾರ ಕಲಬೆರಕಿ ಆಗಿದ್ವು. ಎಲ್ಲೋ ನಾಕೈದು ನಿನಗ ತಪ್ಪಿರಬಹುದು ತಂಗಿ. ನೆನಸಿ ನೋಡು."

ಬಾಯಾರಿದವರು ನೀರು ಕೇಳುವ ಹಾಗಿತ್ತು ಆ ದನಿ. ನಮ್ಮ ಮನೆಯವರು ಪಕ್ಕದಿಂದ ಕಣ್ಣು ಮಾಡಿದರು, ಹೌದೆನ್ನು ಎಂದು. ಅನ್ನಬಹುದಿತ್ತು. ನಮಗಾಗಿ ಇಷ್ಟು ದೂರ ಬಂದ ಮನುಷ್ಯ. ನನ್ನ ಒಂದು ಮಾತಿನಿಂದ ಅವರ ವರ್ಷದ ಕೆಲಸ ಉಳಿಯುತ್ತಿತ್ತು. ಆದರೆ ಅಂದು ಸೋಮವಾರ, ನಾನು ಒಪ್ಪತ್ತು ಇದ್ದೆ, ಸುಳ್ಳಾಡುವ ಹಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹದಿನೆಂಟನ್ನೂ ನಾನೇ ಕೈಯಿಂದ ಮಣ್ಣಿಗೆ ಇಳಿಸಿದ್ದೆ. ಅವುಗಳ ಮುಖ ಹೇಗೆ ತಪ್ಪುತ್ತದೆ?

"ಇಲ್ರಿ ಸಾಹೇಬ್ರ, ತಪ್ಪಿಲ್ಲ" ಎಂದೆ. "ಸೂಜಿ ಹಾಕಿದ್ದೂ ಸತ್ತಾವ, ಹಾಕದ್ದೂ ಸತ್ತಾವ."

ಅವರು ಹೂಂ ಎಂದರು. ಆಮೇಲೆ, "ಉಳದಿದ್ದರ ಹೆಸರೂ ಹೇಳಿಬಿಡು, ಬರಕೊಂಡು ಹೋಗ್ತೀನಿ" ಎಂದು ಬೇರೆ ಹಾಳೆ ತೆಗೆದರು. ನಾನು ಎದುರಿಗೆ ಮೇಯುತ್ತಿದ್ದ ಮರಿಗಳನ್ನು ನೋಡಿ ಹೇಳುತ್ತ ಹೋದೆ. "ಮೋಟಗಿವಿದು ಹಿರೇದು, ಸೂಜಿದು, ಕೆರಿ ಮರಿ. ಅದರ ತಮ್ಮ, ಸೂಜಿ ಇಲ್ಲ, ಕೆರಿ ಮರಿ..." ಬಾಯಿ ತಪ್ಪಿ ಬಂದುಬಿಟ್ಟಿತ್ತು. ನಾನೂ ಅತ್ತೆಯೂ ನಮ್ಮೊಳಗೆ ಅವಕ್ಕೆ ಇಟ್ಟ ಹೆಸರು ಅದು.

"ಕೆರಿ ಮರಿ ಅಂದ್ರ?" ಎಂದರು ಸಾಹೇಬರು.

ನಾನು ಮಾವನ ಕಡೆ ನೋಡಿ ತಲೆ ತಗ್ಗಿಸಿದೆ. ಅತ್ತೆಯೇ ಬಾಯಿ ಬಿಟ್ಟರು.

"ಇನ್ನೇನ ಮುಚ್ಚಿಡೂದೈತಿ, ಹಿಂಡ ಹೋಗೂ ಹೊತ್ತಿನ್ಯಾಗ. ಏಳು ಬಡಕಲ ಮರಿ ಇದ್ವಲ್ರಿ, ಅವನ್ನ ಈಕಿ ಕಳ್ಳಿಯಂಗ ಕೆರಿಗೆ ಒಯ್ದು ಹಸಿ ಹುಲ್ಲ ಮೇಯಿಸ್ಯಾಳ. ಹೊಟ್ಟಿ ಕೆಟ್ಟು ಸಾಯಾಕ ಬಂದಿದ್ವು. ನಾ ಬೈದು ನಿಲ್ಲಿಸಿದೆ, ಬದುಕಿದ್ವು." ಹಾಗೆನ್ನುತ್ತ ಅವರೂ ಮರಿಗಳ ಕಡೆ ನೋಡಿದರು. ನೋಡುತ್ತ ದನಿ ಬದಲಾಯಿತು. "ಅಲ್ಲ ಗೌರೀ, ನಿನ್ನ ಕೆರಿ ಮರಿ ಒಂದೂ ಸತ್ತಿಲ್ಲಲ್ಲ?"

ನಾನು ಅಲ್ಲಿಯವರೆಗೆ ಸತ್ತವನ್ನೇ ಲೆಕ್ಕ ಇಟ್ಟಿದ್ದೆ. ಉಳಿದವನ್ನು ಹಾಗೆ ನೋಡಿರಲಿಲ್ಲ. ಸಾಹೇಬರು ಎದ್ದೇಬಿಟ್ಟರು. ಏಳನ್ನೂ ಹಿಡಿದು ತಂದೆವು. ಅವರೇ ಒಂದೊಂದರ ರೆಪ್ಪೆ ಎಳೆದು ನೋಡಿದರು. ಏಳಕ್ಕೆ ಏಳೂ ಕೆಂಪಗಿದ್ದವು.

"ಮೂರು ಸೂಜಿವು, ನಾಕು ಸೂಜಿ ಇಲ್ಲದ್ವು" ಎಂದೆ.

ಸಾಹೇಬರು ಕೆಸರಿನಲ್ಲೇ ಮಂಡಿಯೂರಿ ಕೂತು ನಕ್ಕರು. ಆ ನಗೆ ನೋಡಿ ನನಗೆ ಅಳು ಬಂತು. "ನನ್ನ ಸೂಜಿ ಏನೂ ಮಾಡಿಲ್ಲ. ಸತ್ತ ಹುಳದ ಪುಡಿ ಮೈಗೆ ಏನೂ ಕಲಿಸಲಿಲ್ಲ. ಜೀವ ಇದ್ದ ಹುಳ ಸ್ವಲ್ಪ ಸ್ವಲ್ಪ ಹೊಟ್ಟಿಗೆ ಹೋಗಿ, ಆಮ್ಯಾಲೆ ಒಣ ಮೇವಿನ್ಯಾಗ ಚೇತರಿಸಿಕೊಳ್ಳಾಕ ಪುರಸೊತ್ತು ಸಿಕ್ಕು, ಮೈ ತಾನ ಕಲತೈತಿ. ಹಂಗ ಕಾಣ್ತೈತಿ." ಒಂದು ಕ್ಷಣ ಬಿಟ್ಟು ಸೇರಿಸಿದರು, "ಏಳು ಮರಿ ಭಾಳ ಕಡಿಮಿ. ಖರೇ ಅಂತ ಹೇಳಾಕ ಸಾಲಂಗಿಲ್ಲ."

ಮಾವ ಈಗ ನನ್ನ ಕಡೆ ತಿರುಗಿದರು.

"ಕೆರಿಗೆ ಬ್ಯಾಡ ಅಂದಿದ್ದೆ."

"ಹೌದ್ರಿ ಮಾವಾ."

"ಎಷ್ಟ ದಿನ ಒಯ್ದಿ?"

"ಇಪ್ಪತ್ತ ದಿನ ಆಗಿರಬೇಕ್ರಿ."

ಅವರು ಕೋಲು ಊರಿ ಎದ್ದು ಹಿಂಡಿನ ಕಡೆ ಹೋದರು. ಊರು ಮುಟ್ಟುವವರೆಗೆ ನನ್ನೊಂದಿಗೆ ಮಾತಾಡಲಿಲ್ಲ.

ಸಾಹೇಬರು ಹೋಗುವ ಮುಂಚೆ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ, ಅಳತೆ ಮಾಡಿ ಉಳಿದ ಎಲ್ಲ ಮರಿಗಳಿಗೂ ಕುಡಿಸಿದರು. ಹೆಚ್ಚಾದರೆ ವಿಷ ಎಂದು ನಮ್ಮ ಮನೆಯವರಿಗೆ ಮೂರು ಸಲ ಹೇಳಿದರು. ಹಟ್ಟಿಯನ್ನು ಗದ್ದೆಯಿಂದ ಎತ್ತರದ ಒಣ ನೆಲಕ್ಕೆ ಬದಲಾಯಿಸಿದೆವು. ಆಮೇಲೆ ಒಂದೇ ಒಂದು ಸತ್ತಿತು. ಇಪ್ಪತ್ತೊಂದು ಮರಿ ಊರು ಮುಟ್ಟಿದವು. ಹಿಂದಿನ ವರ್ಷ ಉಳಿದದ್ದು ಮೂರು. ನಾನು ಮನಸ್ಸಿನಲ್ಲೇ, ಅದೂ ಉರ್ದುವಿನಲ್ಲಿ ಎಣಿಸಿದೆ.

ಯಲಬುರ್ಗಿಯ ಸಂತೆ ಬಂತು, ಹೋಯಿತು. ಮಾವ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತೇ ಇದ್ದರು. ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ಹೇಳಿದರಂತೆ, ಇನ್ನೊಂದು ವರ್ಷ ನೋಡೋಣ ಎಂದು.

ಮಳೆಗಾಲದಲ್ಲಿ ಸಾಹೇಬರು ಕಡೆಯ ಸಲ ಬಂದರು. ನಡೆದದ್ದನ್ನೆಲ್ಲ ಬರೆದು ಮೇಲಿನವರಿಗೆ ಕಳಿಸಿದ್ದರಂತೆ. ಗುರುತು ಕಲಸಿಹೋದ ಹಿಂಡು, ಮೇಲಾಗಿ ಒಬ್ಬ ಹೆಣ್ಣುಮಗಳ ಬಾಯಿಮಾತು, ಇದನ್ನು ನಂಬಲಾಗದು ಎಂದು ಉತ್ತರ ಬಂದಿತ್ತು. ಅದನ್ನು ಅವರು ಬೇಸರವಿಲ್ಲದೆ ಹೇಳಿದರು. ತೆಲುಗು ಸೀಮೆಗೆ ವರ್ಗವಾಗಿತ್ತು. "ನಾ ಮತ್ತ ಮಾಡಿ ನೋಡ್ತೀನಿ, ಎಲ್ಲಿದ್ರೂ ಹುಳ ಇದ್ದ ಇರ್ತಾವ. ನೀವೂ ಮಾಡ್ರಿ. ಮಳಿಗಾಲ ಮುಗಿಯೂದ್ರಾಗ ಮರಿಗೆ ಸ್ವಲ್ಪ ಸ್ವಲ್ಪ ಕೆರಿ ಹುಲ್ಲ ಮುಟ್ಟಸ್ರಿ. ಕಣ್ಣ ಬೆಳ್ಳಗಾದ್ರ ತಕ್ಷಣ ನಿಲ್ಲಸ್ರಿ. ಪೂರಾ ಚೇತರಿಸಿಕೊಂಡ ಮ್ಯಾಲೆ ಇಳಸ್ರಿ." ಅತ್ತೆ ಅವರಿಗೆ ಒಂದು ಸೇರು ತುಪ್ಪ ಕೊಟ್ಟರು. ಅವರು ಆಮೇಲೆ ಆ ಸೂಜಿಯನ್ನು ಕಂಡುಹಿಡಿದರೋ ಇಲ್ಲವೋ ತಿಳಿಯದು. ಅಂಥದ್ದು ಯಾರಾದರೂ ಮಾಡಿದ್ದಾರೋ ಎಂಬುದೂ ನನಗೆ ಗೊತ್ತಿಲ್ಲ. ಅವರು ನೆನಪಾದಾಗಲೆಲ್ಲ ಎಲ್ಲಿದ್ದರೂ ತಣ್ಣಗಿರಲಿ ಎನ್ನುತ್ತೇನೆ.

ಆ ವರ್ಷದ ಮರಿಗಳನ್ನು ದಿನಾ ಕೆರೆಗೆ ಒಯ್ದವಳು ನಾನೇ. ಮಾವ ಒಯ್ಯಿ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಒಂದಿಷ್ಟು ಹೊತ್ತು ಮೇಯಿಸಿ ವಾಪಸು. ಹೊಟ್ಟೆ ಕೆಟ್ಟವನ್ನು ನಿಲ್ಲಿಸಿ ಸೊಪ್ಪು ಕಟ್ಟುವುದು. ಎರಡು ಸತ್ತವು, ಅವುಗಳಿಗಾಗಿ ನಾನು ಪಟ್ಟ ಭಯ ನನಗೇ ಗೊತ್ತು.

ಪುಷ್ಯ ಬಂತು. ಊರಿನ ಬೇರೆ ಹಿಂಡುಗಳು ಆಗಲೇ ಇಳಿದುಹೋಗಿದ್ದವು. ನಮ್ಮ ಮನೆಯವರು ಬೆಳಗಾಗುತ್ತಲೇ ಕತ್ತೆಯ ಮೇಲೆ ಸಾಮಾನು ಹೇರಿ ಹಗ್ಗ ಬಿಗಿದಿದ್ದರು. ಮಾವ ಹೆಗಲಿಗೆ ಕಂಬಳಿ ಹಾಕಿ ಕೋಲು ಹಿಡಿದು ಅಂಗಳದಲ್ಲಿ ನಿಂತಿದ್ದರು. ಹಿಂಡು ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅವರು ಅತ್ತೆಯನ್ನೂ ಕೇಳಿದವರಲ್ಲ. ನಾನು ಬುತ್ತಿ ಕಟ್ಟುತ್ತಿದ್ದೆ. ಹೊರಗಿನಿಂದ ಕೂಗಿದರು.

"ಗೌರವ್ವಾ, ಮರಿ ಇಳಿಸಬಹುದೇನವಾ?"

ಬುತ್ತಿ ಅಲ್ಲೇ ಬಿಟ್ಟು ದೊಡ್ಡಿಗೆ ಹೋದೆ. ಒಂದೊಂದರದೂ ಕಣ್ಣು ನೋಡಿದೆ. ಅವಸರ ಮಾಡಲಿಲ್ಲ. ಹೊರಗೆ ಯಾರೂ ಅವಸರ ಮಾಡಿಸಲಿಲ್ಲ. ಬಂದು ಸೆರಗು ಸರಿಮಾಡಿಕೊಂಡು ಹೇಳಿದೆ, "ಇನ್ನ ಎಂಟ ದಿನ ತಡೀರಿ ಮಾವಾ. ಮೂರಕ್ಕ ಇನ್ನ ಕೆಂಪ ಬಂದಿಲ್ಲ."

ಮಾವ ನನ್ನನ್ನು ಒಮ್ಮೆ ನೋಡಿದರು. ಹೆಗಲ ಮೇಲಿನ ಕಂಬಳಿ ತೆಗೆದು ಗೂಟಕ್ಕೆ ಹಾಕಿದರು.

"ಏ, ಕತ್ತಿ ಮ್ಯಾಲಿನ ಸಾಮಾನ ಇಳಸೋ" ಎಂದು ಮಗನನ್ನು ಕೂಗಿದರು. "ಎಂಟ ದಿನ ತಡದು ಹೋಗೂದು."